ಮನೆಗೊಂದು ಲ್ಯಾಪ್‌ಟಾಪ್

ದನಗಳ ಜಾತ್ರೆಗೆ ಹೋದ ರೈತನ ನಡವಳಿಕೆಯನ್ನು ಗಮನಿಸಿದವರಿಗೆ, ಕೊಳ್ಳುವುದೂ ಒಂದು ವಿದ್ಯೆಯೆಂಬುದು ಮನದಟ್ಟಾಗದೆ ಇರದು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಜೋಡಿ ಜೋಡಿ ಎತ್ತುಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ನಿಂತಿರುತ್ತವೆ. ರೈತನು ಗೆಜ್ಜೆಯ ದನಿಗೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ; ಗೊರಸನ್ನು ಮುಟ್ಟಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಾನೆ. ಬೆಲೆಯ ಮಾತು ಬರುವುದು ಕೊನೆಗೆ. ಅದೂ ಟವಲಿನ ಮರೆಯಲ್ಲಿ, ಬೆರಳುಗಳ ಭಾಷೆಯಲ್ಲಿ. ತನ್ನ ಹೊಲ ಎರೆಯೋ ಕೆಂಪು ಮಣ್ಣೋ, ಎತ್ತಿನಿಂದ ಗಾಡಿ ಎಳೆಸಬೇಕೋ ನೇಗಿಲು ಹೂಡಿಸಬೇಕೋ ಎಂಬುದು ಮನೆಯಿಂದ ಹೊರಡುವ ಮೊದಲೇ ಅವನಿಗೆ ತಿಳಿದಿರುತ್ತದೆ. ಕೆಲಸವನ್ನು ಬಲ್ಲವನಿಗೆ ಮಾತ್ರ ಸಾಧನವನ್ನು ಆರಿಸುವ ಬಲ್ಮೆ ಬರುತ್ತದೆ.

ಇಂದು ನಮ್ಮ ಮನೆಗಳಿಗೆ ಹೊಸದೊಂದು ಸಾಧನ ಕಾಲಿಡುತ್ತಿದೆ. ಅದು ಲ್ಯಾಪ್‌ಟಾಪ್, ಎಂದರೆ ಮಡಿಲಲ್ಲಿಟ್ಟುಕೊಂಡು ಬಳಸಬಹುದಾದ ಗಣಕಯಂತ್ರ. ಎತ್ತಿನ ಹಲ್ಲನ್ನು ಎಣಿಸಬಲ್ಲ ಹಿರಿಯರು ಈ ಯಂತ್ರದ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅಂಗಡಿಯಲ್ಲಿ ಸಾಲಾಗಿ ತೆರೆದಿಟ್ಟ ಯಂತ್ರಗಳೆಲ್ಲ ಅವರ ಕಣ್ಣಿಗೆ ಒಂದೇ ಬಗೆಯಾಗಿ ಹೊಳೆಯುತ್ತವೆ. ಬೆಲೆಯ ಚೀಟಿಗಳು ಮಾತ್ರ ಬೇರೆ ಬೇರೆ. ಆಗ ಅವರು ತಿರುಗಿ, “ನೀನು ಓದಿದವಳು, ನೀನೇ ಹೇಳಮ್ಮ” ಎಂದು ಮಗಳ ಮುಖವನ್ನೋ, “ನಿನಗೆ ಗೊತ್ತಲ್ಲವೇನಪ್ಪ” ಎಂದು ಮಗನ ಮುಖವನ್ನೋ ನೋಡುತ್ತಾರೆ. ಈ ಪಾಠವನ್ನು ಓದುತ್ತಿರುವ ನಿಮ್ಮ ಪಾಲಿಗೂ ಅಂಥ ದಿನವೊಂದು ಬಂದೀತು. ಆ ದಿನ ನೀವು ಆಡುವ ಮಾತಿನ ಮೇಲೆ ಮನೆಯವರ ಹಲವು ತಿಂಗಳ ಗಳಿಕೆ ನಿಂತಿರುತ್ತದೆ.

ಗಣಕಯಂತ್ರವು ಹಿಂದೆ ದೊಡ್ಡ ಕೋಣೆಯನ್ನೇ ತುಂಬುವಷ್ಟು ಗಾತ್ರದ್ದಾಗಿತ್ತು. ಅದನ್ನು ಪುಸ್ತಕದಂತೆ ಕೈಯಲ್ಲಿ ಹಿಡಿಯುವಂತಾಗಬೇಕು, ಮಕ್ಕಳ ಬಳಿಯೂ ಇರಬೇಕು ಎಂಬ ಕನಸನ್ನು ಅಮೆರಿಕದ ವಿಜ್ಞಾನಿ ಅಲನ್ ಕೇ ಅವರು 1972ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ತಮ್ಮ ಕಲ್ಪನೆಯ ಯಂತ್ರಕ್ಕೆ ಅವರು ‘ಡೈನಾಬುಕ್’ ಎಂದು ಹೆಸರಿಟ್ಟಿದ್ದರು. 1981ರಲ್ಲಿ ಮಾರುಕಟ್ಟೆಗೆ ಬಂದ ‘ಆಸ್ಬಾರ್ನ್ 1’ ಎಂಬ ಗಣಕವು ಹೊತ್ತೊಯ್ಯಬಹುದಾದ ಯಂತ್ರವೆಂದು ಹೆಸರಾಯಿತು. ಅದರ ತೂಕ ಸುಮಾರು 11 ಕಿಲೋಗ್ರಾಂ. ಪರದೆ ಕೇವಲ 5 ಅಂಗುಲ. ಬೆಲೆ 1,795 ಡಾಲರ್. ನಮ್ಮ ಬೆಂಗಳೂರಿನಲ್ಲಿಯೂ ಭಾರತೀಯ ವಿಜ್ಞಾನ ಮಂದಿರದ ವಿಜ್ಞಾನಿಗಳು ಎಂಜಿನಿಯರುಗಳೊಡನೆ ಕೂಡಿ, ಬಡವರ ಕೈಗೆ ಎಟುಕಬೇಕೆಂಬ ಹಂಬಲದಿಂದ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು ಈ ಶತಮಾನದ ಆರಂಭದಲ್ಲಿ ರೂಪಿಸಿದ್ದರು. ಮಾರುಕಟ್ಟೆಯಲ್ಲಿ ಅದು ನೆಲೆಯೂರಲಿಲ್ಲ. ಆದರೆ ಅದನ್ನು ಹುಟ್ಟಿಸಿದ ಹಂಬಲ ಇಂದಿಗೂ ಹಳತಾಗಿಲ್ಲ.

ಏಕೆಂದರೆ ಈ ಸಾಧನವು ಇದ್ದವರಿಗೂ ಇಲ್ಲದವರಿಗೂ ನಡುವಣ ಅಂತರ ಎಷ್ಟೆಂಬುದನ್ನು ನಾವು 2020ರಲ್ಲಿ ಕಣ್ಣಾರೆ ಕಂಡೆವು. ಕೊರೊನಾ ಪಿಡುಗಿನಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠಗಳು ಪರದೆಯ ಮೇಲೆ ಬಂದವು. ಪರದೆ ಇಲ್ಲದ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲಿ ‘ವಿದ್ಯಾಗಮ’ ಎಂಬ ಕಾರ್ಯಕ್ರಮವು ನಡೆದು, ಶಿಕ್ಷಕರು ಮರದ ನೆರಳಿಗೆ, ಗುಡಿಯ ಜಗಲಿಗೆ ಹೋಗಿ ಪಾಠ ಹೇಳಿದರು. ಆದರೂ ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲ್ ಫೋನು. ಅದೂ ತಂದೆಯೊಡನೆ ಬೆಳಗ್ಗೆ ಹೊರಗೆ ಹೋಗಿ ರಾತ್ರಿ ಮರಳುತ್ತಿತ್ತು.

“ಮೊಬೈಲು ಇದ್ದಮೇಲೆ ಲ್ಯಾಪ್‌ಟಾಪ್ ಏಕೆ?” ಎಂಬ ಪ್ರಶ್ನೆ ಸಹಜವಾದದ್ದೇ. ಪಾಠವನ್ನು ಕೇಳಲು, ಚಿತ್ರವನ್ನು ನೋಡಲು ಮೊಬೈಲು ಸಾಕು. ನಾಲ್ಕು ಪುಟದ ಪ್ರಬಂಧವನ್ನು ಬರೆದು ತಿದ್ದಲು, ಲೆಕ್ಕದ ಕೋಷ್ಟಕವನ್ನು ಮಾಡಲು, ಅರ್ಜಿಯೊಂದನ್ನು ತಪ್ಪಿಲ್ಲದೆ ತುಂಬಲು, ಗಣಕಕ್ಕೆ ಆದೇಶ ಬರೆಯುವ ವಿದ್ಯೆಯನ್ನು ಕಲಿಯಲು ಅಗಲವಾದ ಪರದೆಯೂ ಹತ್ತು ಬೆರಳಿಗೂ ಕೆಲಸ ಕೊಡುವ ಕೀಲಿಮಣೆಯೂ ಬೇಕು. ಇಂಥ ಕೆಲಸಗಳು ಮನೆಯಲ್ಲಿ ಇಲ್ಲವೆಂದಾದರೆ ಲ್ಯಾಪ್‌ಟಾಪನ್ನು ಕೊಳ್ಳದೆ ಇರುವುದೇ ಜಾಣತನ. ನೆರೆಮನೆಯವರು ಕೊಂಡರೆಂಬುದು ನಾವು ಕೊಳ್ಳುವುದಕ್ಕೆ ಕಾರಣವಾಗಲಾರದು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅದು ಶಿಡ್ಲಘಟ್ಟದ ಸಮೀಪದ ಒಂದು ಹಳ್ಳಿಯಲ್ಲಿದೆ. ತಂದೆ ತಾಯಿ ಇಬ್ಬರೂ ರೇಷ್ಮೆ ಹುಳು ಸಾಕುತ್ತಾರೆ. ಮಗಳು ಪದವಿಪೂರ್ವ ತರಗತಿಯಲ್ಲಿದ್ದಾಳೆ. ಮಗ ನಿಮ್ಮಂತೆಯೇ ಒಂಬತ್ತನೆಯ ತರಗತಿ. ಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವವರೆಗೆ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಹೀಗೆ ಕೆಲವು ಬೆಳೆಗಳ ಗೂಡು ಮಾರಿ, ಖರ್ಚು ಕಳೆದು, ಅವರು 40,000 ರೂಪಾಯಿಗಳನ್ನು ಎತ್ತಿಟ್ಟಿದ್ದಾರೆ. ಆ ಹಣದ ಮೇಲೆ ಬೇರೆ ಕಣ್ಣುಗಳೂ ಇವೆ: ಹುಳುಮನೆಯ ಮಾಡು ಸೋರುತ್ತಿದೆ, ಹಳೆಯ ಚಂದ್ರಿಕೆಗಳು ಮುರಿದಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಮನೆ ಅದು.

ಅಂಗಡಿಗೆ ಹೊರಡುವ ಮೊದಲು ಅವರು ಮಾಡಬೇಕಾದ ಕೆಲಸವೆಂದರೆ ಒಂದು ಕಾಗದವನ್ನು ಮುಂದಿಟ್ಟುಕೊಂಡು ಬೇಕುಗಳನ್ನು ಬರೆಯುವುದು. ಮಗಳಿಗೆ ಪಾಠದ ಟಿಪ್ಪಣಿ, ಅಭ್ಯಾಸದ ಪರೀಕ್ಷೆಗಳು. ಮಗನಿಗೆ ಗಣಿತ, ಚಿತ್ರಗಳು, ಸ್ವಲ್ಪ ಆದೇಶರಚನೆ. ತಾಯಿಗೆ ಸ್ತ್ರೀಶಕ್ತಿ ಸಂಘದ ಲೆಕ್ಕ. ತಂದೆಗೆ ಗೂಡಿನ ಧಾರಣೆ ನೋಡುವುದು, ಪಹಣಿಯ ಪ್ರತಿ ತೆಗೆಯುವುದು. ಈ ಪಟ್ಟಿಯಲ್ಲಿ ಚಲನಚಿತ್ರ ತಯಾರಿಸುವ ಕೆಲಸವಿಲ್ಲ; ಭಾರವಾದ ಆಟಗಳಿಲ್ಲ. ಹಾಗಾದ ಮೇಲೆ ಆ ಕೆಲಸಗಳಿಗಾಗಿಯೇ ಕಟ್ಟಿದ ದುಬಾರಿ ಯಂತ್ರಕ್ಕೆ ಹಣ ಸುರಿಯುವ ಅಗತ್ಯವೂ ಇಲ್ಲ.

ಇನ್ನು ಯಂತ್ರದ ಒಳಗೆ ಇಣುಕೋಣ. ಮದುವೆಯ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಅಲ್ಲಿ ಅಡುಗೆಯವನಿದ್ದಾನೆ, ಹೆಚ್ಚಿದ ತರಕಾರಿ, ಅರೆದ ಮಸಾಲೆಗಳನ್ನು ಕೈಗೆಟುಕುವಂತೆ ಇರಿಸಿಕೊಳ್ಳುವ ಕಟ್ಟೆಯಿದೆ, ಅಕ್ಕಿ ಬೇಳೆಗಳನ್ನು ತುಂಬಿಟ್ಟ ಉಗ್ರಾಣವಿದೆ. ಗಣಕದಲ್ಲಿ ಪ್ರೊಸೆಸರ್ ಎಂಬುದು ಅಡುಗೆಯವನು. ರ್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ ಕಟ್ಟೆ. ಡಿಸ್ಕ್ ಎಂಬ ಸಂಗ್ರಹ ಉಗ್ರಾಣ. ಯಂತ್ರವನ್ನು ಆರಿಸಿದರೆ ಕಟ್ಟೆಯ ಮೇಲಿನದು ಅಳಿಸಿಹೋಗುತ್ತದೆ. ಉಗ್ರಾಣದಲ್ಲಿ ಇಟ್ಟದ್ದು ಉಳಿಯುತ್ತದೆ. ಅಡುಗೆಯವನು ಎಷ್ಟೇ ಚುರುಕಾದರೂ ಕಟ್ಟೆ ಇಕ್ಕಟ್ಟಾಗಿದ್ದರೆ ಹೆಜ್ಜೆಹೆಜ್ಜೆಗೂ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಉಗ್ರಾಣದ ಬಾಗಿಲು ಬಿಗಿಯಾಗಿದ್ದರೆ ಇನ್ನಷ್ಟು ತಡ. ಆದ್ದರಿಂದ ಮೂರರಲ್ಲಿ ಒಂದನ್ನು ಮಾತ್ರ ಹೊಗಳಿ ಮಾರುವ ವರ್ತಕನಿಗೆ ಉಳಿದೆರಡರ ಬಗೆಗೆ ಪ್ರಶ್ನೆ ಹಾಕಬೇಕು.

ಮೊದಲು ಕಟ್ಟೆಯ ಮಾತು. ರ್ಯಾಮನ್ನು ಗಿಗಾಬೈಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಚಿಕ್ಕದಾಗಿ ಜಿ.ಬಿ. ಎನ್ನುವುದುಂಟು. ವಿಂಡೋಸ್ 11 ಎಂಬ ಕಾರ್ಯಾಚರಣ ವ್ಯವಸ್ಥೆಯು ನಡೆಯಲು ಕನಿಷ್ಠ 4 ಜಿ.ಬಿ. ಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಆದರೆ ಕನಿಷ್ಠವೆಂಬುದು ಉಸಿರಾಡಲು ಸಾಕು, ಓಡಲು ಸಾಲದು. ಪಾಠದ ಪುಟವೊಂದು, ಬರೆಯುವ ಹಾಳೆಯೊಂದು, ವೀಡಿಯೋ ಒಂದು ಏಕಕಾಲದಲ್ಲಿ ತೆರೆದಿರುವ ಮನೆಬಳಕೆಗೆ 8 ಜಿ.ಬಿ. ಇರುವುದು ಒಳ್ಳೆಯದು. ಇಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: “ಮುಂದೆ ಇದನ್ನು ಹೆಚ್ಚಿಸಲು ಒಳಗೆ ಜಾಗವಿದೆಯೇ?” ಕೆಲವು ಯಂತ್ರಗಳಲ್ಲಿ ರ್ಯಾಮನ್ನು ಬೆಸುಗೆ ಹಾಕಿ ಕೂಡಿಸಿರುತ್ತಾರೆ, ಅದನ್ನು ಮತ್ತೆ ಬದಲಾಯಿಸುವಂತಿಲ್ಲ. ಕೆಲವುಗಳಲ್ಲಿ ಖಾಲಿ ಗೂಡು ಇರುತ್ತದೆ. ಇಂದು ಹಣ ಸಾಲದ ಮನೆಗೆ ಈ ಖಾಲಿ ಗೂಡು ನಾಳೆಯ ಆಸರೆ.

ಉಗ್ರಾಣದಲ್ಲಿ ಮುಖ್ಯವಾಗಿ ಮೂರು ಬಗೆ. ಹಾರ್ಡ್ ಡಿಸ್ಕ್ ಎಂಬುದು ತಿರುಗುವ ಬಿಲ್ಲೆಗಳುಳ್ಳ ಹಳೆಯ ಬಗೆ. 1956ರಷ್ಟು ಹಿಂದೆಯೇ ಬಳಕೆಗೆ ಬಂದದ್ದು. ಎಸ್.ಎಸ್.ಡಿ. ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿಯು ವಿದ್ಯುದಾವೇಶದ ರೂಪದಲ್ಲಿ ಚಿಪ್ಪುಗಳಲ್ಲಿ ಉಳಿಯುತ್ತದೆ. ಆದ್ದರಿಂದ ಇದು ಹಲವು ಪಟ್ಟು ವೇಗವುಳ್ಳದ್ದು. ಅಲುಗಾಟಕ್ಕೆ ಬೇಗ ಕೆಡುವುದಿಲ್ಲ. ಇ.ಎಂ.ಎಂ.ಸಿ. ಎಂಬ ಮೂರನೆಯದೂ ಚಿಪ್ಪೇ, ಆದರೆ ಎಸ್.ಎಸ್.ಡಿ.ಗಿಂತ ನಿಧಾನ. ಬಹು ಅಗ್ಗದ ಯಂತ್ರಗಳಲ್ಲಿ 64 ಜಿ.ಬಿ.ಯ ಇಂಥ ಉಗ್ರಾಣವನ್ನು ಇಟ್ಟಿರುತ್ತಾರೆ. ವ್ಯವಸ್ಥೆ ಮತ್ತು ಅದರ ಪರಿಷ್ಕಾರಗಳೇ ಅದರ ಬಹುಭಾಗವನ್ನು ತುಂಬಿಬಿಡುತ್ತವೆ. ಮನೆಬಳಕೆಗೆ 256 ಜಿ.ಬಿ.ಯ ಎಸ್.ಎಸ್.ಡಿ. ಇದ್ದರೆ ಸಾಕು. ಅದು ಎಷ್ಟೆಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಯೂನಿಕೋಡ್ ಪದ್ಧತಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟುಗಳು ಬೇಕು. ಐದು ಲಕ್ಷ ಸಂಕೇತಗಳುಳ್ಳ ಒಂದು ಕಾದಂಬರಿಗೆ 15 ಲಕ್ಷ ಬೈಟುಗಳಾದವು. ಈ ಲೆಕ್ಕದಲ್ಲಿ 256 ಜಿ.ಬಿ.ಯೊಳಗೆ ಅಂಥ ಒಂದು ಲಕ್ಷದ ಎಪ್ಪತ್ತು ಸಾವಿರ ಕಾದಂಬರಿಗಳು ಹಿಡಿಸುತ್ತವೆ! ಜಾಗವನ್ನು ನುಂಗುವುದು ಅಕ್ಷರವಲ್ಲ, ವೀಡಿಯೋ.

ಅಡುಗೆಯವನ ಆಯ್ಕೆಯಲ್ಲಿ ಹೆಸರಿಗೆ ಮೋಸಹೋಗುವವರೇ ಹೆಚ್ಚು. ಇಂಟೆಲ್ ಸಂಸ್ಥೆಯ ಐ-3, ಐ-5, ಐ-7 ಎಂಬ ಹೆಸರುಗಳನ್ನೂ, ಎ.ಎಂ.ಡಿ. ಸಂಸ್ಥೆಯ ರೈಜನ್ 3, 5, 7 ಎಂಬ ಹೆಸರುಗಳನ್ನೂ ನೀವು ಕೇಳಿರಬಹುದು. ಅಂಕಿ ದೊಡ್ಡದಾದಷ್ಟೂ ಯಂತ್ರ ಮೇಲೆಂದು ಜನ ತಿಳಿಯುತ್ತಾರೆ. ಒಂದೇ ಕಾಲದಲ್ಲಿ, ಒಂದೇ ವರ್ಗದಲ್ಲಿ ಹುಟ್ಟಿದವುಗಳಿಗೆ ಈ ಮಾತು ಸಾಮಾನ್ಯವಾಗಿ ಹೊಂದುತ್ತದೆ. ಆದರೆ ತಲೆಮಾರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಏಳನೆಯ ತಲೆಮಾರಿನ ತೆಳು ಲ್ಯಾಪ್‌ಟಾಪುಗಳ ಐ-7ರಲ್ಲಿ ಎರಡು ತಿರುಳುಗಳು ಮಾತ್ರ ಇದ್ದವು. 2022ರಲ್ಲಿ ಬಂದ ಹನ್ನೆರಡನೆಯ ತಲೆಮಾರಿನ ಐ-3ರಲ್ಲಿ ಆರು ತಿರುಳುಗಳಿವೆ. ಹಳೆಯ ದೊಡ್ಡ ಹೆಸರಿಗಿಂತ ಹೊಸ ಚಿಕ್ಕ ಹೆಸರು ಇಲ್ಲಿ ಹೆಚ್ಚು ದುಡಿಯುತ್ತದೆ. ಸಾಲದುದಕ್ಕೆ 2023ರಲ್ಲಿ ಇಂಟೆಲ್ ಸಂಸ್ಥೆಯು ಹೊಸ ಪ್ರೊಸೆಸರುಗಳ ಹೆಸರಿನಿಂದ ‘ಐ’ ಅಕ್ಷರವನ್ನೇ ಬಿಡಲು ನಿರ್ಧರಿಸಿತು. ಆದ್ದರಿಂದ ಹೆಸರನ್ನು ಮಾತ್ರವಲ್ಲ, ಅದು ಯಾವ ವರ್ಷದ್ದೆಂಬುದನ್ನೂ ಕೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಪರದೆಯ ವಿಷಯದಲ್ಲಿ ನಿಮ್ಮ ಗಣಿತವು ನೆರವಿಗೆ ಬರುತ್ತದೆ. 15.6 ಅಂಗುಲದ ಪರದೆ ಎಂದರೆ ಅದರ ಅಗಲ ಅಷ್ಟಿರುತ್ತದೆ ಎಂದಲ್ಲ. ಅದು ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಅಳತೆ. ಅಗಲ ಮತ್ತು ಎತ್ತರಗಳು 16 : 9ರ ಪ್ರಮಾಣದಲ್ಲಿದ್ದರೆ, ಪೈಥಾಗೊರಸನ ಪ್ರಮೇಯದಂತೆ ಅಗಲ ಸುಮಾರು 13.6 ಅಂಗುಲ, ಎತ್ತರ ಸುಮಾರು 7.65 ಅಂಗುಲ. ಚಿತ್ರವು ಎಷ್ಟು ಸ್ಪಷ್ಟವೆಂಬುದು ಚುಕ್ಕೆಗಳ ಸಂಖ್ಯೆಯನ್ನು ಅವಲಂಬಿಸಿದೆ. ಅಡ್ಡಲಾಗಿ 1,366, ಉದ್ದಕ್ಕೆ 768 ಚುಕ್ಕೆಗಳಿದ್ದರೆ ಒಟ್ಟು 10,49,088. 1,920 ಮತ್ತು 1,080 ಇದ್ದರೆ 20,73,600. ಹೆಚ್ಚುಕಡಿಮೆ ಎರಡು ಪಟ್ಟು! ಕನ್ನಡದ ಒತ್ತಕ್ಷರಗಳೂ ದೀರ್ಘದ ಕೊಂಬುಗಳೂ ಚಿಕ್ಕ ಗಾತ್ರದಲ್ಲಿ ಕಣ್ಣಿಗೆ ನೋವಿಲ್ಲದೆ ಕಾಣಬೇಕಾದರೆ ಎರಡನೆಯದೇ ಮೇಲು.

ಕೀಲಿಮಣೆಯನ್ನು ಅಂಗಡಿಯಲ್ಲಿಯೇ ಹತ್ತು ನಿಮಿಷ ಒತ್ತಿ ನೋಡಬೇಕು. ಅದರ ಮೇಲೆ ಕನ್ನಡದ ಅಕ್ಷರಗಳು ಅಚ್ಚಾಗಿಲ್ಲವೆಂದು ಚಿಂತಿಸಬೇಕಾಗಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ನಮ್ಮ ವರ್ಣಮಾಲೆಯ ತರ್ಕವನ್ನೇ ಅನುಸರಿಸುತ್ತದೆ. ಅಲ್ಪಪ್ರಾಣವಾದ ‘ಕ’ಕಾರಕ್ಕೆ ಒಂದು ಕೀಲಿಯಾದರೆ, ಅದೇ ಕೀಲಿಯನ್ನು ಶಿಫ್ಟ್ ಕೀಲಿಯೊಡನೆ ಒತ್ತಿದಾಗ ಮಹಾಪ್ರಾಣವಾದ ‘ಖ’ಕಾರ ಮೂಡುತ್ತದೆ. ವ್ಯಾಕರಣದ ಪಾಠದಲ್ಲಿ ನೀವು ಕಲಿತದ್ದು ಇಲ್ಲಿ ಬೆರಳಿಗೆ ಬಂದು ನಿಲ್ಲುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ನಾಡಿನಲ್ಲಿ ಚೆನ್ನಾಗಿ ಪರಿಚಿತವಾದದ್ದು.

ಹಳ್ಳಿಯ ಮನೆಗೆ ಬ್ಯಾಟರಿಯು ಬಹು ಮುಖ್ಯ. ವಿದ್ಯುತ್ತು ಹೇಳಿ ಕೇಳಿ ಹೋಗುವುದಿಲ್ಲವಷ್ಟೆ. ಲ್ಯಾಪ್‌ಟಾಪಿನಲ್ಲಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಇದನ್ನು ಬೆಳೆಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಬ್ಯಾಟರಿಯ ಶಕ್ತಿಯನ್ನು ವಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. 42 ವಾಟ್-ಗಂಟೆಯ ಬ್ಯಾಟರಿಯಿಂದ ಯಂತ್ರವು ಹಗುರ ಕೆಲಸಕ್ಕೆ 7 ವಾಟ್ ಬಳಸಿದರೆ 6 ಗಂಟೆ, ಭಾರವಾದ ಕೆಲಸಕ್ಕೆ 21 ವಾಟ್ ಬಳಸಿದರೆ 2 ಗಂಟೆ ನಡೆಯುತ್ತದೆ. ಜಾಹೀರಾತಿನಲ್ಲಿ ಹೇಳುವ ಅವಧಿಯು ಬಹುಮಟ್ಟಿಗೆ ಹಗುರ ಕೆಲಸದ್ದು. ವಿದ್ಯುತ್ತಿನ ಖರ್ಚಿಗೆ ಹೆದರಬೇಕಾಗಿಲ್ಲ. ದಿನಕ್ಕೆ 4 ಗಂಟೆ, ಸರಾಸರಿ 30 ವಾಟಿನಂತೆ ಬಳಸಿದರೂ 30 ದಿನಗಳಿಗೆ ಆಗುವುದು 3.6 ಯೂನಿಟ್ ಮಾತ್ರ.

ಯಂತ್ರವನ್ನು ನಡೆಸುವ ವ್ಯವಸ್ಥೆಯ ಬೆಲೆಯೂ ಲೆಕ್ಕಕ್ಕೆ ಬರಬೇಕು. ವಿಂಡೋಸ್ ಇಲ್ಲದ ಯಂತ್ರಗಳನ್ನೂ ಮಾರುವುದುಂಟು. ಅವುಗಳ ಬೆಲೆ ಸ್ವಲ್ಪ ಕಡಿಮೆ. ಅಂಥವುಗಳಲ್ಲಿ ಲಿನಕ್ಸ್ ಆಧಾರಿತವಾದ, ಹಣ ಕೊಡದೆ ಪಡೆಯಬಹುದಾದ ವ್ಯವಸ್ಥೆಗಳನ್ನು ಹಾಕಿಕೊಳ್ಳಬಹುದು. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಕೆಲಸ ಅದರ ಬುನಾದಿ. ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಉಚಿತವಾಗಿಯೇ ಇದೆ. ಕಳ್ಳಪ್ರತಿಯನ್ನು ತುಂಬಿಕೊಡುತ್ತೇನೆ ಎನ್ನುವ ಅಂಗಡಿಯವನ ಔದಾರ್ಯವನ್ನು ಮಾತ್ರ ಒಪ್ಪಬಾರದು. ಅದು ಕಾನೂನಿಗೆ ವಿರುದ್ಧ. ಅದರೊಡನೆ ಗಣಕಕ್ಕೆ ಕೇಡು ಮಾಡುವ ತಂತ್ರಾಂಶವೂ ಒಳಗೆ ಬಂದೀತು.

ಬಳಸಿದ ಯಂತ್ರವನ್ನು ಕೊಳ್ಳುವುದು ಅವಮಾನವಲ್ಲ. ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಯಂತ್ರಗಳನ್ನು ದುರಸ್ತಿ ಮಾಡಿ ಮಾರುವವರಿದ್ದಾರೆ. ಆದರೆ ಇಲ್ಲಿ ಹಲ್ಲೆಣಿಸುವ ಕೆಲಸ ಇಮ್ಮಡಿ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ, ಇಂಟೆಲ್ ಯಂತ್ರವಾದರೆ, ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ಈಚಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದನ್ನು ಲಿನಕ್ಸಿಗಾಗಿ ಕೊಳ್ಳಬಹುದೇ ಹೊರತು ವಿಂಡೋಸಿನ ಆಸೆಯಿಂದ ಕೊಳ್ಳಬಾರದು. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಪರದೆಯ ಕೀಲು ಸಡಿಲವಾಗಿದೆಯೇ, ಎಲ್ಲ ಕೀಲಿಗಳೂ ದುಡಿಯುತ್ತವೆಯೇ ಎಂದು ನೋಡಿ, ರಸೀದಿ ಸಹಿತವಾಗಿಯೇ ತೆಗೆದುಕೊಳ್ಳಬೇಕು.

ಹೊಸದಾಗಲಿ ಹಳತಾಗಲಿ, ರಸೀದಿಯಿಲ್ಲದೆ ಹಣ ಕೊಡಕೂಡದು. ತೆರಿಗೆ ಉಳಿಸಿಕೊಡುವೆನೆಂಬ ಮಾತಿಗೆ ಕಿವಿಗೊಟ್ಟು ರಸೀದಿ ಬಿಟ್ಟವನು, ಯಂತ್ರ ಕೆಟ್ಟ ದಿನ ಕೈಯಲ್ಲಿ ಏನೂ ಇಲ್ಲದೆ ನಿಲ್ಲುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವುಳ್ಳ ಸರಕಿನ ವಿರುದ್ಧ ಜಿಲ್ಲಾ ಆಯೋಗಕ್ಕೆ ದೂರು ಕೊಡುವ ಹಕ್ಕನ್ನು ನಮಗೆ ನೀಡಿದೆ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಖಾತರಿ ಎಷ್ಟು ವರ್ಷ, ದುರಸ್ತಿಯ ಕೇಂದ್ರವು ಜಿಲ್ಲಾ ಕೇಂದ್ರದಲ್ಲಿದೆಯೋ ಬೆಂಗಳೂರಿಗೇ ಓಡಬೇಕೋ ಎಂಬುದನ್ನು ಮೊದಲೇ ವಿಚಾರಿಸಬೇಕು. ಕಂತಿನಲ್ಲಿ ಕೊಳ್ಳುವುದಾದರೆ ತಿಂಗಳ ಕಂತನ್ನು ಕೇಳಿದರೆ ಸಾಲದು. ಎಲ್ಲ ಕಂತುಗಳನ್ನೂ ಶುಲ್ಕಗಳನ್ನೂ ಕೂಡಿ ಒಟ್ಟು ಎಷ್ಟಾಯಿತೆಂದು ನೋಡಬೇಕು.

ಮತ್ತೆ ನಮ್ಮ ರೇಷ್ಮೆಯ ಮನೆಗೆ ಬರೋಣ. ಅವರ ಮುಂದೆ ಮೂರು ಯಂತ್ರಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದರ ಬೆಲೆ 24,000 ರೂಪಾಯಿ, 4 ಜಿ.ಬಿ. ರ್ಯಾಮ್, 64 ಜಿ.ಬಿ.ಯ ನಿಧಾನದ ಉಗ್ರಾಣ, ಹೆಚ್ಚಿಸಲು ಅವಕಾಶವಿಲ್ಲ. ಎರಡನೆಯದು 36,000, 8 ಜಿ.ಬಿ. ರ್ಯಾಮ್, ಖಾಲಿ ಗೂಡು, 512 ಜಿ.ಬಿ.ಯ ಎಸ್.ಎಸ್.ಡಿ. ಮೂರನೆಯದು 60,000, ಆಟಗಳಿಗೆಂದೇ ಮಾಡಿದ್ದು, ಕೀಲಿಗಳಲ್ಲಿ ಬಣ್ಣಬಣ್ಣದ ಬೆಳಕು.

“ಅಗ್ಗದ್ದೇ ಸಾಕಮ್ಮ. ಉಳಿದ ದುಡ್ಡಿಗೆ ಚಂದ್ರಿಕೆ ಬರುತ್ತವೆ” ಎಂದರು ತಂದೆ.

“ಅಪ್ಪ, ಲೆಕ್ಕ ಹಾಕಿ ನೋಡೋಣ” ಎಂದಳು ಮಗಳು. “ಅಗ್ಗದ್ದು ಎರಡು ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ 12,000 ರೂಪಾಯಿ ಬಿದ್ದಂತಾಯಿತು. ನಡುವಿನದು ಆರು ವರ್ಷ ಬಾಳಿದರೆ ವರ್ಷಕ್ಕೆ 6,000. ನೀವು ಚಂದ್ರಿಕೆ ತರುವಾಗ ಬಿದಿರು ಎಳೆಯದೋ ಬಲಿತದ್ದೋ ಎಂದು ನೋಡುವುದಿಲ್ಲವೇ?”

ತಂದೆ ನಕ್ಕರು, ಮಾತು ಅವರಿಗೆ ಹಿಡಿಸಿತು. ಮಗನ ಕಣ್ಣು ಮಾತ್ರ ಬಣ್ಣದ ಬೆಳಕಿನ ಮೇಲೆಯೇ ಇತ್ತು. ಅವನ ಆಸೆ ತಪ್ಪಲ್ಲ. ಆದರೆ ಕಾಗದದ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ನಡುವಿನ ಯಂತ್ರವನ್ನೇ ಕೊಂಡರು. ಉಳಿದ 4,000 ರೂಪಾಯಿಯನ್ನು ಮಾಡಿನ ದುರಸ್ತಿಗೆ ಇಟ್ಟರು. ಚಂದ್ರಿಕೆಗಳು ಮುಂದಿನ ಬೆಳೆಯವರೆಗೆ ಕಾಯಬೇಕಾಯಿತು.

ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ ಮನೆಗೆ ಬಂದಮೇಲೆ ಒಂದು ಪ್ರಶ್ನೆ ಕೇಳಿದರು: “ಇದು ಯಾರದು?” ಯಾರೂ ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು: “ಎಲ್ಲರದೂ ಅಂದರೆ ಕೊನೆಗೆ ಗಂಡುಮಗನದೇ ಆಗುತ್ತದೆ. ಸೊಪ್ಪು ಹಾಕಬೇಕು, ಪಾತ್ರೆ ತೊಳೆಯಬೇಕು ಅಂತ ಇವಳ ಹೊತ್ತು ಕಳೆದುಹೋಗುತ್ತದೆ. ಸಂಜೆ ಆರರಿಂದ ಎಂಟು ಇವಳದು. ಆ ಹೊತ್ತಿನಲ್ಲಿ ಸೊಪ್ಪು ನಾವಿಬ್ಬರೂ ಹಾಕೋಣ. ಎಂಟರ ಮೇಲೆ ಅವನದು. ಭಾನುವಾರ ಸಂಘದ ಲೆಕ್ಕಕ್ಕೆ ನನಗೆ ಬೇಕು.” ಅಂಗಡಿಯಲ್ಲಿ ಯಾವ ವರ್ತಕನೂ ಹೇಳಿಕೊಡದ ಮಾತು ಇದು. ಯಂತ್ರವನ್ನು ಚೆನ್ನಾಗಿ ಆರಿಸಿದರೂ ಅದರ ಹೊತ್ತನ್ನು ನ್ಯಾಯವಾಗಿ ಹಂಚದಿದ್ದರೆ ಮನೆಯ ಅರ್ಧ ಹಣ ವ್ಯರ್ಥವಾದಂತೆಯೇ ಸರಿ.

ಕೊಂಡ ಮೇಲೆ ಜೋಪಾನವೂ ಬೇಕು. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬುಗಳ ಮೇಲಿಟ್ಟರೆ ಗಾಳಿಯಾಡುವ ಕಿಂಡಿಗಳು ಮುಚ್ಚಿ ಒಳಗಿನ ಬಿಸಿ ಹೊರಬರುವುದಿಲ್ಲ, ಹಲಗೆಯ ಮೇಲಿಡಬೇಕು. ಮುಖ್ಯವಾದ ಬರವಣಿಗೆಯ ಇನ್ನೊಂದು ಪ್ರತಿಯನ್ನು ಬೇರೆಡೆ ಉಳಿಸಿಡಬೇಕು. ಗುಟ್ಟಿನ ಪದವನ್ನು ಯಾರಿಗೂ ಹೇಳಬಾರದು. ಆಯಸ್ಸು ತೀರಿದ ಯಂತ್ರವನ್ನು ತಿಪ್ಪೆಗೆ ಎಸೆಯುವುದಾಗಲಿ ಸುಡುವುದಾಗಲಿ ಸಲ್ಲದು. ಅದರೊಳಗಿನ ಲೋಹಗಳೂ ರಾಸಾಯನಿಕಗಳೂ ಮಣ್ಣಿಗೆ, ನೀರಿಗೆ ವಿಷವಾಗುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಧಿಕೃತ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸುವುದು ನಮ್ಮ ಪಾಲಿನ ಕರ್ತವ್ಯ.

ವಿದ್ಯಾರ್ಥಿಗಳೇ, ಪ್ರೊಸೆಸರುಗಳ ಹೆಸರು ಬದಲಾಗುತ್ತವೆ, ಜಿ.ಬಿ.ಗಳ ಅಂಕಿಗಳೂ ಬೆಳೆಯುತ್ತವೆ. ನೀವು ದುಡಿಯುವ ವಯಸ್ಸಿಗೆ ಬರುವಷ್ಟರಲ್ಲಿ ಈ ಪಾಠದ ಎಷ್ಟೋ ಅಂಕಿಗಳು ಹಳತಾಗಿರಬಹುದು. ಆದರೆ ಕೆಲಸವೇನೆಂದು ಮೊದಲು ಕೇಳುವುದು, ಹೊಳಪಿನ ಹಿಂದೆ ಏನಿದೆಯೆಂದು ನೋಡುವುದು, ಬೆಲೆಯನ್ನು ಬಾಳಿಕೆಯಿಂದ ಭಾಗಿಸುವುದು, ಕೊಂಡದ್ದನ್ನು ಮನೆಯವರೆಲ್ಲರೊಡನೆ ಹಂಚಿಕೊಳ್ಳುವುದು, ಇವು ನಾಳೆಗೂ ಸಲ್ಲುವ ಮಾತುಗಳು. ಮನೆಯ ಹಿರಿಯರು ಸಲಹೆ ಕೇಳಿದಾಗ ಒಂದು ಕಾಗದವನ್ನೂ ಲೇಖನಿಯನ್ನೂ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಲನ್ ಕೇ ಅವರು ತಮ್ಮ ಕಲ್ಪನೆಯ ಯಂತ್ರಕ್ಕೆ ಇಟ್ಟ ಹೆಸರೇನು?
2. ಪರದೆಯ ಅಳತೆಯನ್ನು ಎಲ್ಲಿಂದ ಎಲ್ಲಿಗೆ ಹೇಳುತ್ತಾರೆ?
3. ಬ್ಯಾಟರಿಯ ಶಕ್ತಿಯನ್ನು ಯಾವ ಮಾನದಲ್ಲಿ ಅಳೆಯುತ್ತಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮದುವೆಯ ಅಡುಗೆಮನೆಯ ಹೋಲಿಕೆಯಿಂದ ಲೇಖಕರು ಏನನ್ನು ವಿವರಿಸಿದ್ದಾರೆ?
2. ಪ್ರೊಸೆಸರಿನ ಹೆಸರನ್ನು ಮಾತ್ರ ನೋಡಿ ಕೊಳ್ಳಬಾರದೇಕೆ?
3. “ಇದು ಯಾರದು?” ಎಂಬ ತಾಯಿಯ ಪ್ರಶ್ನೆಯ ಅರ್ಥವನ್ನು ವಿವರಿಸಿರಿ.

ಇ. ಸಂದರ್ಭ ಸಹಿತ ವಿವರಿಸಿರಿ.
1. “ನೀನು ಓದಿದವಳು, ನೀನೇ ಹೇಳಮ್ಮ.”
2. “ಉಳಿದ ದುಡ್ಡಿಗೆ ಚಂದ್ರಿಕೆ ಬರುತ್ತವೆ.”

ಈ. ಭಾಷಾಭ್ಯಾಸ
1. ವಿಗ್ರಹಿಸಿ ಸಮಾಸದ ಹೆಸರನ್ನು ತಿಳಿಸಿರಿ: ಕೀಲಿಮಣೆ, ಹುಳುಮನೆ, ಇಮ್ಮಡಿ.
2. ಸ್ವಂತ ವಾಕ್ಯದಲ್ಲಿ ಬಳಸಿರಿ: ಮನದಟ್ಟಾಗು, ಕೈಕೊಡು, ಕಿವಿಗೊಡು.
3. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.

ಉ. ಚಟುವಟಿಕೆ
ನಿಮ್ಮ ಮನೆಗೆ ಬೇಕಾದ ಒಂದು ಸಾಧನವನ್ನು ಆರಿಸಿಕೊಂಡು, ಅದರಿಂದ ಯಾರಿಗೆ ಯಾವ ಕೆಲಸವಾಗಬೇಕೆಂಬ ಪಟ್ಟಿಯನ್ನು ಮನೆಯವರೊಡನೆ ಕುಳಿತು ಬರೆಯಿರಿ.